ಅದಿರು ಕಟ್ಟಿದ ಊರು: ಲಿಕಾಸಿಯ ಕಥೆ

ಆಫ್ರಿಕಾ ಖಂಡದ ಭೂಪಟವನ್ನು ಮುಂದಿರಿಸಿಕೊಂಡು, ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ 11 ಡಿಗ್ರಿಗಳಷ್ಟು ಇಳಿದು, 27ನೆಯ ಪೂರ್ವರೇಖಾಂಶದ ಬಳಿ ಬೆರಳಿಟ್ಟರೆ ಲಿಕಾಸಿ ಎಂಬ ಊರು ಸಿಕ್ಕುತ್ತದೆ. ಈಗಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಆಗ್ನೇಯ ಮೂಲೆಯಲ್ಲಿ, ಲುಬುಂಬಾಶಿ ನಗರದಿಂದ ವಾಯವ್ಯಕ್ಕೆ ಸುಮಾರು 120 ಕಿಲೋಮೀಟರ್ ದೂರದಲ್ಲಿ, ಎತ್ತರದ ಪ್ರಸ್ಥಭೂಮಿಯ ಮೇಲೆ ಅದು ನೆಲಸಿದೆ. ಬೆಲ್ಜಿಯಂ ದೇಶದ ಆಳ್ವಿಕೆಯ ಕಾಲದಲ್ಲಿ ಈ ಊರಿನ ಹೆಸರು ಜಾದೋವಿಲ್. ಆ ಪ್ರಾಂತಕ್ಕೆ ಕಟಾಂಗಾ ಎಂದು ಹೆಸರು.

ಇಂತಹ ದೂರದ ಊರಿನ ವಿಷಯ ನಮಗೇಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಎರಡು ಕಾರಣಗಳಿವೆ. ತಾಮ್ರ, ಕೋಬಾಲ್ಟ್, ರೇಡಿಯಂ, ಯುರೇನಿಯಂ ಎಂಬ ನಾಲ್ಕು ಮೂಲವಸ್ತುಗಳು 20ನೆಯ ಶತಮಾನದ ಚರಿತ್ರೆಯನ್ನು ಹೇಗೆ ತಿರುಗಿಸಿದವು ಎಂಬುದನ್ನು ಈ ಒಂದೇ ಊರಿನ ಸುತ್ತ ನಿಂತು ನೋಡಬಹುದು. ಇದು ಮೊದಲನೆಯದು. ಆ ಚರಿತ್ರೆಯ ಒಂದು ಕಠಿಣ ಘಟ್ಟದಲ್ಲಿ ವಿಶ್ವಸಂಸ್ಥೆಯ ನೀಲಿ ಬಾವುಟದ ಕೆಳಗೆ ಭಾರತದ ಸೈನಿಕರು ಇದೇ ಊರಿನ ದಾರಿಯಲ್ಲಿ ನಡೆದುಹೋದರು. ಇದು ಎರಡನೆಯದು.

ನೆಲದಡಿಯ ಸಂಪತ್ತು

ಕಟಾಂಗಾದ ಅದಿರಿನ ಕಥೆ ಮನುಷ್ಯರಿಗಿಂತ ಬಹಳ ಹಳೆಯದು. ಐವತ್ತರಿಂದ ತೊಂಬತ್ತು ಕೋಟಿ ವರ್ಷಗಳ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಮರಳು, ಜೇಡಿ, ಸುಣ್ಣಗಳು ಪದರ ಪದರವಾಗಿ ಶೇಖರವಾದವು. ಭೂಮಿಯೊಳಗಿನ ಬಿಸಿಯಾದ ಉಪ್ಪುನೀರು ಬಂಡೆಗಳಲ್ಲಿದ್ದ ತಾಮ್ರವನ್ನು ಕರಗಿಸಿಕೊಂಡು ಬಿರುಕುಗಳ ಮೂಲಕ ಹರಿಯಿತು. ಗಂಧಕವಿದ್ದ ಪದರಗಳನ್ನು ಮುಟ್ಟಿದಾಗ ಆ ತಾಮ್ರವು ಗಂಧಕದೊಡನೆ ಕೂಡಿ ಅಲ್ಲಿಯೇ ನಿಂತಿತು. ಕೋಬಾಲ್ಟ್ ಅದರ ಜೊತೆಯಲ್ಲಿಯೇ ಬಂದಿತು. ಕೆಲವು ಕಡೆ ಯುರೇನಿಯಂ ಕೂಡ ಬಂದು ಸೇರಿತು.

ಅನಂತರ ಭೂಪದರಗಳು ಮಡಿಚಿಕೊಂಡು ಮೇಲೆದ್ದವು. ಮೇಲ್ಭಾಗದ ಅದಿರಿಗೆ ಗಾಳಿ ಮಳೆಗಳು ತಗಲಿದವು. ಗಂಧಕ ತೊಳೆದುಹೋಗಿ, ತಾಮ್ರವು ಮ್ಯಾಲಕೈಟ್ ಎಂಬ ಹಸುರು ಖನಿಜವಾಗಿ ಮಾರ್ಪಟ್ಟಿತು. ಹಿತ್ತಾಳೆ ತಾಮ್ರದ ಪಾತ್ರೆಗಳ ಮೇಲೆ ಹಿಡಿಯುವ ಹಸುರು ಕಿಲುಬನ್ನು ನೋಡದವರಿಲ್ಲ. ಮ್ಯಾಲಕೈಟ್ ಅದೇ ಜಾತಿಯದು. ಕಟಾಂಗಾದಲ್ಲಿ ಇಡೀ ಗುಡ್ಡಗಳೇ ಈ ಹಸುರು ಕಲ್ಲಿನಿಂದ ತುಂಬಿದ್ದವು. ಲೋಹವು ಹೆಚ್ಚಾಗಿದ್ದ ಮಣ್ಣಿನಲ್ಲಿ ಮರಗಳು ಬೆಳೆಯಲಾರದೆ ಗುಡ್ಡಗಳ ನೆತ್ತಿ ಬೋಳಾಗಿರುತ್ತಿತ್ತು. ತಾಮ್ರ ಎಲ್ಲಿದೆಯೆಂಬುದನ್ನು ದೂರದಿಂದಲೇ ಕಂಡುಹಿಡಿಯುವುದಕ್ಕೆ ಇದೊಂದು ಗುರುತಾಗಿತ್ತು.

ಈ ಗುರುತನ್ನು ಮೊದಲು ಅರಿತವರು ಯೂರೋಪಿನವರಲ್ಲ. ಅಲ್ಲಿಯ ಜನ ಶತಮಾನಗಳಿಂದ ಹಸುರು ಕಲ್ಲನ್ನು ಅಗೆದು, ಇದ್ದಲಿನೊಡನೆ ಮಣ್ಣಿನ ಕುಲುಮೆಗಳಲ್ಲಿ ಕಾಯಿಸಿ, ತಾಮ್ರವನ್ನು ಇಳಿಸುತ್ತಿದ್ದರು. ಅದನ್ನು ಶಿಲುಬೆಯ ಆಕಾರದ ಗಟ್ಟಿಗಳಾಗಿ ಎರಕಹೊಯ್ದು ನಾಣ್ಯದಂತೆ ಚಲಾಯಿಸುತ್ತಿದ್ದರು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಎಂಸಿರಿ ಎಂಬ ದೊರೆ ಈ ವ್ಯಾಪಾರದ ಬಲದಿಂದ ದೊಡ್ಡ ರಾಜ್ಯವನ್ನೇ ಕಟ್ಟಿದ್ದನು. ಬೆಲ್ಜಿಯಂ ದೇಶದ ದೊರೆ ಎರಡನೆಯ ಲಿಯೊಪೋಲ್ಡನು ಕಳುಹಿಸಿದ ತಂಡವೊಂದರ ಕೈಯಲ್ಲಿ 1891ರ ಡಿಸೆಂಬರಿನಲ್ಲಿ ಎಂಸಿರಿ ಹತನಾದನು. ಮರುವರ್ಷವೇ ಜೂಲ್ ಕೋರ್ನೆ ಎಂಬ ಬೆಲ್ಜಿಯನ್ ಭೂವಿಜ್ಞಾನಿಗಳು ಈ ಸೀಮೆಯಲ್ಲಿ ಸಂಚರಿಸಿ ತಾಮ್ರದ ನಿಕ್ಷೇಪಗಳನ್ನು ಪರೀಕ್ಷಿಸಿ ವರದಿ ಮಾಡಿದರು. ದೊರೆಯ ಮರಣವೂ ಭೂವಿಜ್ಞಾನಿಯ ಆಗಮನವೂ ಹೀಗೆ ಒಂದರ ಹಿಂದೆ ಒಂದು ನಡೆದುಹೋದವು.

ಕಂಪನಿಯ ಆಗಮನ

1906ರಲ್ಲಿ ಯೂನಿಯಾನ್ ಮಿನಿಯೇರ್ ಎಂಬ ಗಣಿ ಕಂಪನಿ ಸ್ಥಾಪನೆಯಾಯಿತು. ಅದರ ಬಂಡವಾಳದಲ್ಲಿ ಬೆಲ್ಜಿಯನ್ನರಿಗೂ ಬ್ರಿಟಿಷರಿಗೂ ಪಾಲಿತ್ತು. ಅದಿರು ಬೇಕಾದಷ್ಟಿತ್ತು. ಆದರೆ ಸಮುದ್ರ ಬಹು ದೂರ. 1910ರಲ್ಲಿ ದಕ್ಷಿಣದ ರೊಡೇಷಿಯಾ ಕಡೆಯಿಂದ ರೈಲುಮಾರ್ಗ ಎಲಿಸಬೆತ್‌ವಿಲ್ ನಗರವನ್ನು, ಎಂದರೆ ಈಗಿನ ಲುಬುಂಬಾಶಿಯನ್ನು, ಮುಟ್ಟಿತು. 1911ರಲ್ಲಿ ಅಲ್ಲಿಯ ಕುಲುಮೆಯಿಂದ ಮೊದಲ ತಾಮ್ರ ಹೊರಬಂದಿತು.

ಲಿಕಾಸಿಯ ಬಳಿ ಸಿಕ್ಕಿದ ಅದಿರಿನಿಂದ ಅಲ್ಲಿಯೂ ಒಂದು ಗಣಿಯ ನೆಲೆ ಎದ್ದಿತು. ಕಂಪನಿಯ ಹಿಂದೆ ನಿಂತಿದ್ದ ಬ್ರಸೆಲ್ಸ್ ನಗರದ ಹಣಕಾಸು ಸಂಸ್ಥೆಯ ಮುಖ್ಯಸ್ಥರಲ್ಲಿ ಜಾದೋ ಎಂಬ ಎಂಜಿನಿಯರರಿದ್ದರು. ಚೀನಾ ದೇಶದಲ್ಲಿ ಪೀಕಿಂಗಿನಿಂದ ಹಾಂಕೌವರೆಗೆ ರೈಲುಮಾರ್ಗ ಹಾಕಿಸಿ ಹೆಸರು ಪಡೆದವರು ಅವರು. ಊರಿಗೆ ಅವರ ಹೆಸರನ್ನೇ ಇಟ್ಟರು. ಅಗಲವಾದ ಬೀದಿಗಳು, ಸಾಲುಮರಗಳು, ಚರ್ಚು, ಆಸ್ಪತ್ರೆಗಳು ಎದ್ದುವು. ಆದರೆ ಊರಿನ ನಕ್ಷೆಯನ್ನು ನಿಜವಾಗಿ ಬರೆದುದು ಅದಿರೇ. ಗಣಿ ಎಲ್ಲಿಯೋ ಅಲ್ಲಿ ಕಾರ್ಖಾನೆ, ಕಾರ್ಖಾನೆ ಎಲ್ಲಿಯೋ ಅಲ್ಲಿ ರೈಲುನಿಲ್ದಾಣ, ಅದರ ಮಗ್ಗುಲಲ್ಲಿ ಕೂಲಿಕಾರರ ಬಿಡಾರಗಳು.

ಆಮ್ಲವೂ ವಿದ್ಯುತ್ತೂ

ಮೊದಮೊದಲು ಅತ್ಯುತ್ತಮವಾದ ಅದಿರನ್ನು ಮಾತ್ರ ಆರಿಸಿ ಕುಲುಮೆಗೆ ಹಾಕುತ್ತಿದ್ದರು. ಅದಕ್ಕೆ ಬೇಕಾದ ಕಲ್ಲಿದ್ದಲ ಕೋಕು ದೂರದ ವಾಂಕೀ ಗಣಿಗಳಿಂದ ರೈಲಿನಲ್ಲಿ ಬರಬೇಕಾಗಿತ್ತು. ಉತ್ತಮ ಅದಿರು ಕಡಮೆಯಾಗುತ್ತ ಬಂದ ಹಾಗೆ ಕಡಮೆ ದರ್ಜೆಯ ಅದಿರಿನಿಂದಲೂ ತಾಮ್ರವನ್ನು ತೆಗೆಯುವ ಉಪಾಯ ಬೇಕಾಯಿತು. ಈ ಉಪಾಯವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದ ಸ್ಥಳವೇ ಜಾದೋವಿಲ್.

ಊರಿನ ಒಂದು ಭಾಗವಾದ ಪಾಂಡಾದಲ್ಲಿ ಅದಿರನ್ನು ಪುಡಿಮಾಡಿ, ತೊಳೆದು, ನಿರುಪಯೋಗಿ ಕಲ್ಲನ್ನು ಬೇರ್ಪಡಿಸುವ ಕಾರ್ಖಾನೆ ಬಂದಿತು. ಮತ್ತೊಂದು ಭಾಗವಾದ ಶಿತುರುವಿನಲ್ಲಿ 1929ರಲ್ಲಿ ವಿದ್ಯುತ್ತಿನಿಂದ ತಾಮ್ರವನ್ನು ಪಡೆಯುವ ಕಾರ್ಖಾನೆ ಕೆಲಸವನ್ನು ಆರಂಭಿಸಿತು. ಅದರ ತತ್ತ್ವವು ಪ್ರೌಢಶಾಲೆಯ ರಸಾಯನಶಾಸ್ತ್ರವನ್ನು ಓದಿದವರಿಗೆಲ್ಲ ತಿಳಿಯುವಂಥದು.

ಮ್ಯಾಲಕೈಟನ್ನು ದುರ್ಬಲ ಗಂಧಕಾಮ್ಲದಲ್ಲಿ ಹಾಕಿದರೆ ಇಂಗಾಲದ ಡೈ ಆಕ್ಸೈಡ್ ಗುಳ್ಳೆಗಳಾಗಿ ಏಳುತ್ತದೆ. ತಾಮ್ರವು ಕರಗಿ, ನೀಲಿಬಣ್ಣದ ತಾಮ್ರದ ಸಲ್ಫೇಟ್ ದ್ರಾವಣವಾಗುತ್ತದೆ. ನಮ್ಮ ಅಡಕೆಯ ತೋಟಗಳಲ್ಲಿ ಕೊಳೆರೋಗಕ್ಕೆ ಸುಣ್ಣದೊಡನೆ ಬೆರಸಿ ಸಿಂಪಡಿಸುವ ಮೈಲುತುತ್ತವು ಈ ವಸ್ತುವೇ. ಬೇಡದ ಕಲ್ಲುಮಣ್ಣುಗಳು ಬಹುಮಟ್ಟಿಗೆ ತಳದಲ್ಲಿ ಉಳಿಯುತ್ತವೆ. ತಿಳಿಯಾದ ದ್ರಾವಣವನ್ನು ಉದ್ದನೆಯ ತೊಟ್ಟಿಗಳಿಗೆ ಹರಿಸಿ, ಅದರೊಳಗೆ ಸೀಸದ ಫಲಕಗಳನ್ನೂ ತೆಳುವಾದ ತಾಮ್ರದ ಹಾಳೆಗಳನ್ನೂ ಒಂದು ಬಿಟ್ಟು ಒಂದರಂತೆ ತೂಗುಬಿಟ್ಟು ವಿದ್ಯುತ್ತನ್ನು ಹಾಯಿಸುತ್ತಾರೆ. ಸೀಸವು ಧನಧ್ರುವ, ತಾಮ್ರದ ಹಾಳೆ ಋಣಧ್ರುವ. ದ್ರಾವಣದಲ್ಲಿರುವ ತಾಮ್ರದ ಅಯಾನುಗಳು ಹಾಳೆಯ ಮೇಲೆ ಪದರವಾಗಿ ಕೂಡುತ್ತ ಹೋಗುತ್ತವೆ. ಧನಧ್ರುವದ ಬಳಿ ಆಮ್ಲಜನಕ ಬಿಡುಗಡೆಯಾಗಿ, ದ್ರಾವಣದಲ್ಲಿ ಮತ್ತೆ ಗಂಧಕಾಮ್ಲವೇ ಹುಟ್ಟುತ್ತದೆ. ಆ ಆಮ್ಲವನ್ನು ಹೊಸ ಅದಿರಿನ ಮೇಲೆ ಪುನಃ ಉಪಯೋಗಿಸಬಹುದು.

ಕೋಬಾಲ್ಟ್ ಕೂಡ ಆಮ್ಲದಲ್ಲಿ ಕರಗುತ್ತದೆ. ಆದರೆ ತಾಮ್ರದಷ್ಟು ಸುಲಭವಾಗಿ ಋಣಧ್ರುವಕ್ಕೆ ಅಂಟದೆ ದ್ರಾವಣದಲ್ಲಿಯೇ ಉಳಿದುಬಿಡುತ್ತದೆ. ಅದನ್ನು ಸುಣ್ಣದಿಂದ ಒತ್ತರಿಸಿ ಬೇರೆಯಾಗಿ ಶುದ್ಧಿಮಾಡುತ್ತಾರೆ. ಪ್ರಬಲವಾದ ಅಯಸ್ಕಾಂತಗಳಿಗೂ ಜೆಟ್ ಎಂಜಿನ್ನಿನ ಉರಿಯನ್ನು ತಾಳುವ ಮಿಶ್ರಲೋಹಗಳಿಗೂ ಕೋಬಾಲ್ಟ್ ಬೇಕು. ಹೀಗಾಗಿ ತಾಮ್ರಕ್ಕಾಗಿ ಕಟ್ಟಿದ ಊರು ಕೋಬಾಲ್ಟಿಗೂ ಪ್ರಸಿದ್ಧವಾಯಿತು.

ಈ ವಿಧಾನದಲ್ಲಿ ಒಂದು ಟನ್ ತಾಮ್ರವನ್ನು ಪಡೆಯುವುದಕ್ಕೆ ಸುಮಾರು 2,000 ಯೂನಿಟ್ ವಿದ್ಯುತ್ತು ವೆಚ್ಚವಾಗುತ್ತದೆ. ಅಷ್ಟು ವಿದ್ಯುತ್ತನ್ನು ತರುವುದೆಲ್ಲಿಂದ? ಲುಫಿರಾ ನದಿಗೆ ಅಡ್ಡಲಾಗಿ ಮ್ವಾದಿಂಗುಶಾ ಎಂಬಲ್ಲಿ ಕಟ್ಟೆ ಕಟ್ಟಿ, ಜಲಪಾತದ ಬಲದಿಂದ 1930ರಲ್ಲಿ ವಿದ್ಯುತ್ತನ್ನು ಉತ್ಪಾದಿಸಲಾಯಿತು. ಈ ಲುಫಿರಾ ನದಿಯ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಯುದ್ಧದ ಪ್ರಸಂಗದಲ್ಲಿ ಅದು ಮತ್ತೆ ಬರುತ್ತದೆ.

ದುಡಿದವರ ಪಾಡು

ಯಂತ್ರಗಳ ವರ್ಣನೆಯಲ್ಲಿ ಮನುಷ್ಯರನ್ನು ಮರೆಯಬಾರದು. ಕಟಾಂಗಾದ ಗಣಿಗಳ ಸುತ್ತ ಜನಸಂಖ್ಯೆ ವಿರಳವಾಗಿತ್ತು. ಆದುದರಿಂದ ಕಂಪನಿಯು ದೂರದ ಪ್ರಾಂತಗಳಿಂದಲೂ ನೆರೆಯ ರುವಾಂಡಾ, ಉತ್ತರ ರೊಡೇಷಿಯಾಗಳಿಂದಲೂ ಕೂಲಿಕಾರರನ್ನು ಕರೆತಂದಿತು. ಆರಂಭದ ವರ್ಷಗಳಲ್ಲಿ ರೋಗ ಮತ್ತು ಅಪಘಾತಗಳಿಂದ ಬಹಳ ಮಂದಿ ಸತ್ತರು. ಹೊಸ ಹೊಸ ಕೂಲಿಕಾರರನ್ನು ಹುಡುಕುವುದಕ್ಕಿಂತ ಬಂದವರನ್ನು ಉಳಿಸಿಕೊಳ್ಳುವುದೇ ಲಾಭಕರವೆಂದು 1920ರ ದಶಕದ ಕೊನೆಯಲ್ಲಿ ಕಂಪನಿಗೆ ಮನವರಿಕೆಯಾಯಿತು. ಆಗ ಸಂಸಾರಸಮೇತ ನೆಲಸುವಂತೆ ಮನೆ, ಶಾಲೆ, ಆಸ್ಪತ್ರೆಗಳ ಏರ್ಪಾಡಾಯಿತು. ಆದರೆ ಬಿಳಿಯರ ಬಡಾವಣೆಯೇ ಬೇರೆ, ಆಫ್ರಿಕನ್ನರ ಬಿಡಾರಗಳೇ ಬೇರೆ. ಎಂಜಿನಿಯರರ ಹುದ್ದೆಗಳಲ್ಲಿ ಆಫ್ರಿಕನ್ನರಿಗೆ ಸ್ಥಳವಿರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಉತ್ಪಾದನೆಯನ್ನು ಹೆಚ್ಚಿಸಲು ಒತ್ತಾಯ ಬಂದಿತು. ಪದಾರ್ಥಗಳ ಬೆಲೆ ಏರಿತು, ಕೂಲಿ ಏರಲಿಲ್ಲ. 1941ರ ಡಿಸೆಂಬರಿನಲ್ಲಿ ಕಟಾಂಗಾದ ಗಣಿಯೂರುಗಳಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಎಲಿಸಬೆತ್‌ವಿಲ್ಲಿನ ಕಾಲ್ಚೆಂಡಿನ ಮೈದಾನದಲ್ಲಿ ನೆರೆದಿದ್ದ ಕಾರ್ಮಿಕರ ಮೇಲೆ ಸೈನಿಕರು ಗುಂಡು ಹಾರಿಸಿದರು. ಹತ್ತಾರು ಮಂದಿ ಮಡಿದರು. ತಾಮ್ರದ ಸೀಮೆಗೆ ಬಂದೂಕು ಬಂದುದು 1961ರಲ್ಲಿ ಮೊದಲಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಶಿಂಕೊಲೊಬ್ವೆಯ ಕಲ್ಲು

ಜಾದೋವಿಲ್ಲಿನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಶಿಂಕೊಲೊಬ್ವೆ ಎಂಬ ಸ್ಥಳವಿದೆ. 1915ರಲ್ಲಿ ರಾಬರ್ಟ್ ರಿಚ್ ಶಾರ್ಪ್ ಎಂಬ ಇಂಗ್ಲಿಷ್ ಶೋಧಕರಿಗೆ ಅಲ್ಲಿ ಹಳದಿ, ಕಿತ್ತಳೆ ಬಣ್ಣದ ಭಾರವಾದ ಕಲ್ಲುಗಳು ಸಿಕ್ಕಿದವು. ಪರೀಕ್ಷೆಯಿಂದ ಅದು ಯುರೇನಿಯಮಿನ ಅದಿರೆಂದು ತಿಳಿಯಿತು. ಬೆಕೆರೆಲೈಟ್, ಕ್ಯೂರೈಟ್ ಎಂಬ ಖನಿಜಗಳನ್ನು ಲೋಕವು ಮೊದಲು ಕಂಡುದು ಈ ಗಣಿಯಲ್ಲಿಯೇ.

ಆಗ ಯುರೇನಿಯಮನ್ನು ಕೇಳುವವರಿರಲಿಲ್ಲ. ಗಾಜು, ಪಿಂಗಾಣಿಗಳಿಗೆ ಬಣ್ಣ ಕೊಡಲು ಅದು ಸ್ವಲ್ಪ ಉಪಯೋಗವಾಗುತ್ತಿತ್ತು. ಎಲ್ಲರಿಗೂ ಬೇಕಾಗಿದ್ದುದು ರೇಡಿಯಂ. ಯುರೇನಿಯಂ ಪರಮಾಣುವು ತಾನಾಗಿಯೇ ಕ್ಷಯಿಸುತ್ತ ಹಂತಹಂತವಾಗಿ ರೇಡಿಯಮ್ಮಾಗುತ್ತದೆ. ರೇಡಿಯಂ ಮತ್ತೆ ಕ್ಷಯಿಸುತ್ತದೆ. ಯುರೇನಿಯಮಿನ ಅರ್ಧಾಯುಷ್ಯ ಸುಮಾರು 450 ಕೋಟಿ ವರ್ಷ, ರೇಡಿಯಮಿನದು ಸುಮಾರು 1,600 ವರ್ಷ. ಹುಟ್ಟುವುದು ಇಷ್ಟು ನಿಧಾನ, ಅಳಿಯುವುದು ಅದಕ್ಕಿಂತ ಎಷ್ಟೋ ಬೇಗ. ಆದುದರಿಂದ ಅದಿರಿನಲ್ಲಿ ಯಾವಾಗಲೂ ಇರುವ ರೇಡಿಯಂ ಅತ್ಯಲ್ಪ. ಲೆಕ್ಕ ಹಾಕಿದರೆ ಸುಮಾರು ಮೂರು ಟನ್ ಯುರೇನಿಯಮಿಗೆ ಒಂದು ಗ್ರಾಮ್ ರೇಡಿಯಂ ಬರುತ್ತದೆ. ಅರ್ಬುದರೋಗದ ಚಿಕಿತ್ಸೆಗೆ ಅದನ್ನು ಬಳಸುತ್ತಿದ್ದರು; ಬೆಲೆ ಚಿನ್ನಕ್ಕಿಂತ ಸಾವಿರಾರು ಪಟ್ಟು ಹೆಚ್ಚು. 1920ರ ದಶಕದ ಆರಂಭದಿಂದ ಶಿಂಕೊಲೊಬ್ವೆಯ ಅದಿರು ಬೆಲ್ಜಿಯಂ ದೇಶದ ಓಲೆನ್ ಎಂಬ ಊರಿಗೆ ಹೋಗಿ ಅಲ್ಲಿ ರೇಡಿಯಮ್ಮಾಗಿ ಹೊರಬರುತ್ತಿತ್ತು. ರೇಡಿಯಮಿನ ಪೇಟೆ ತುಂಬಿದ ಮೇಲೆ 1937ರಲ್ಲಿ ಗಣಿಯ ಕೆಲಸ ನಿಂತು, ಅದರೊಳಗೆ ನೀರು ತುಂಬಿತು.

1938ರ ಡಿಸೆಂಬರಿನಲ್ಲಿ ಜರ್ಮನಿಯ ಆಟೋ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್ ಅವರ ಪ್ರಯೋಗಗಳಿಂದ ಯುರೇನಿಯಂ ಪರಮಾಣು ಇಬ್ಭಾಗವಾಗುವುದು ತಿಳಿದುಬಂದಿತು. ಕಸವೆನಿಸಿಕೊಂಡಿದ್ದ ವಸ್ತುವಿನ ಮೇಲೆ ದೊಡ್ಡ ದೇಶಗಳ ಕಣ್ಣು ಬಿದ್ದಿತು. 1939ರಲ್ಲಿ ಐನ್‌ಸ್ಟೈನ್ ಅವರು ಅಮೆರಿಕದ ಅಧ್ಯಕ್ಷರಿಗೆ ಬರೆದ ಪ್ರಸಿದ್ಧ ಪತ್ರದಲ್ಲಿಯೂ ಯುರೇನಿಯಮಿನ ಮುಖ್ಯ ಮೂಲ ಬೆಲ್ಜಿಯನ್ ಕಾಂಗೋ ಎಂಬ ಮಾತು ಬರುತ್ತದೆ. ಯೂನಿಯಾನ್ ಮಿನಿಯೇರಿನ ನಿರ್ದೇಶಕರಾಗಿದ್ದ ಎಡ್ಗಾರ್ ಸೆಂಜಿಯೇ ಅವರು 1940ರಲ್ಲಿ ಸುಮಾರು 1,200 ಟನ್ ಅದಿರನ್ನು ಹಡಗಿನಲ್ಲಿ ನ್ಯೂಯಾರ್ಕಿಗೆ ಸಾಗಿಸಿ, ಸ್ಟೇಟನ್ ದ್ವೀಪದ ಉಗ್ರಾಣವೊಂದರಲ್ಲಿ ಇಡಿಸಿದರು. ಎರಡು ವರ್ಷ ಅದು ಹಾಗೆಯೇ ಬಿದ್ದಿತ್ತು. 1942ರ ಸೆಪ್ಟೆಂಬರಿನಲ್ಲಿ ಅಣುಬಾಂಬಿನ ಯೋಜನೆಯ ಅಧಿಕಾರಿ ಕೆನೆತ್ ನಿಕಲ್ಸ್ ಅವರು ಬಂದು ಕೇಳಿದಾಗ ಅರ್ಧ ಗಂಟೆಯ ಮಾತುಕತೆಯಲ್ಲಿ ವ್ಯಾಪಾರ ಮುಗಿಯಿತು.

ಆ ಅದಿರಿನಲ್ಲಿ ಯುರೇನಿಯಂ ಆಕ್ಸೈಡ್ ಶೇಕಡ 65ರಷ್ಟಿತ್ತು. ಇತರ ಕಡೆಗಳಲ್ಲಿ ಶೇಕಡ ಒಂದರಷ್ಟಿದ್ದರೂ ಒಳ್ಳೆಯ ಅದಿರೆಂದು ಎಣಿಸುವರು. ಮುಚ್ಚಿದ್ದ ಗಣಿಯ ನೀರನ್ನು ಹೊರಹಾಕಿ ಮತ್ತೆ ಕೆಲಸ ನಡೆಸಲಾಯಿತು. ಯುದ್ಧಕಾಲದ ಅಮೆರಿಕದ ಯೋಜನೆಗೆ ದೊರೆತ ಯುರೇನಿಯಮಿನ ಬಹುಪಾಲು ಇಲ್ಲಿಂದಲೇ ಹೋಯಿತು. ಕಲ್ಲನ್ನು ಅಗೆದು ಆರಿಸಿ ಚೀಲಗಳಿಗೆ ತುಂಬಿದ ಆಫ್ರಿಕನ್ ಕೂಲಿಕಾರರಿಗೆ ಅದು ಯಾವ ಕೆಲಸಕ್ಕೆಂಬುದನ್ನು ಯಾರೂ ಹೇಳಿರಲಿಲ್ಲ. 1945ರ ಆಗಸ್ಟ್ 6ರಂದು ಹಿರೋಶಿಮಾ ನಗರದ ಮೇಲೆ ಬಾಂಬು ಬಿದ್ದಾಗ ಜಗತ್ತಿಗೆ ಅದು ತಿಳಿಯಿತು. ಅನಂತರವೂ ಹಲವು ವರ್ಷ ಗಣಿಯು ಬಿಗಿಯಾದ ಕಾವಲಿನಲ್ಲಿ ನಡೆಯಿತು. 1960ರಲ್ಲಿ ಕಾಂಗೋ ಸ್ವತಂತ್ರವಾಗುವ ಹೊತ್ತಿಗೆ ಅದರ ಬಾವಿಗಳನ್ನು ಕಾಂಕ್ರೀಟಿನಿಂದ ಮುಚ್ಚಿಬಿಟ್ಟಿದ್ದರು.

ಕಾರ್ಖಾನೆಯ ಊರು ರಣರಂಗವಾದುದು

1960ರ ಜೂನ್ 30ರಂದು ಕಾಂಗೋ ಸ್ವತಂತ್ರವಾಯಿತು. ಪ್ರಧಾನಿ ಪಾಟ್ರೀಸ್ ಲುಮುಂಬಾ ಅವರ ಸರ್ಕಾರ ಎರಡು ವಾರ ಪೂರೈಸುವ ಮುನ್ನವೇ, ಜುಲೈ 11ರಂದು, ಮೊಯಿಸೆ ಶೋಂಬೆ ಅವರು ಕಟಾಂಗಾ ಬೇರೆ ದೇಶವೆಂದು ಘೋಷಿಸಿದರು. ಆ ದೇಶದ ಬಾವುಟದ ಮೇಲಿದ್ದುದೇನು? ಹಿಂದಿನ ಕಾಲದ ಮೂರು ತಾಮ್ರದ ಶಿಲುಬೆಗಳು! ಕಾಂಗೋ ಸರ್ಕಾರದ ವರಮಾನದ ದೊಡ್ಡ ಪಾಲು ಕಟಾಂಗಾದ ಗಣಿಗಳಿಂದ ಬರುತ್ತಿತ್ತು. ಕಂಪನಿಯು ಇನ್ನು ಮೇಲೆ ತೆರಿಗೆಯನ್ನು ಶೋಂಬೆ ಅವರ ಬೊಕ್ಕಸಕ್ಕೆ ಕಟ್ಟತೊಡಗಿತು. ಆ ಹಣದಿಂದ ಸೈನ್ಯ ಬೆಳೆಯಿತು. ಯೂರೋಪಿನಿಂದಲೂ ದಕ್ಷಿಣ ಆಫ್ರಿಕಾದಿಂದಲೂ ಬಾಡಿಗೆಯ ಸಿಪಾಯಿಗಳು ಬಂದರು. 1961ರ ಜನವರಿ 17ರಂದು ಸೆರೆಯಲ್ಲಿದ್ದ ಲುಮುಂಬಾ ಅವರನ್ನು ಕಟಾಂಗಾಕ್ಕೆ ತಂದು ಕೊಂದರು.

ಕಾಂಗೋ ದೇಶ ಒಡೆದುಹೋಗದಂತೆ ನೋಡಿಕೊಳ್ಳುವ ಹೊಣೆ ವಿಶ್ವಸಂಸ್ಥೆಯ ಮೇಲೆ ಬಿದ್ದಿತು. ಹಲವು ದೇಶಗಳ ಸೈನಿಕರು ಬಂದರು. 1961ರ ಸೆಪ್ಟೆಂಬರಿನಲ್ಲಿ ಐರ್ಲೆಂಡಿನ ಒಂದು ಕಂಪೆನಿಯನ್ನು, ಸುಮಾರು 155 ಮಂದಿಯನ್ನು, ಜಾದೋವಿಲ್ಲಿಗೆ ಕಳುಹಿಸಿದರು. ಅಲ್ಲಿಯ ಬಿಳಿಯ ನಿವಾಸಿಗಳನ್ನು ಕಾಪಾಡಬೇಕೆಂಬುದು ಅವರಿಗೆ ಕೊಟ್ಟ ಕೆಲಸ. ಊರಿನಲ್ಲಿ ಅವರನ್ನು ಸ್ವಾಗತಿಸುವವರೇ ಇರಲಿಲ್ಲ. ಸೆಪ್ಟೆಂಬರ್ 13ರ ಬೆಳಿಗ್ಗೆ, ಎಲಿಸಬೆತ್‌ವಿಲ್ಲಿನಲ್ಲಿ ವಿಶ್ವಸಂಸ್ಥೆಯ ಕಾರ್ಯಾಚರಣೆ ಆರಂಭವಾದೊಡನೆ, ಕಟಾಂಗಾದ ಪಡೆಗಳು ಜಾದೋವಿಲ್ಲಿನಲ್ಲಿ ಈ ಚಿಕ್ಕ ತಂಡವನ್ನು ಮುತ್ತಿದವು. ಐರಿಶರಲ್ಲಿ ಹಲವರು ಆಗ ಪ್ರಾರ್ಥನೆಯಲ್ಲಿದ್ದರು.

ತಂಡದ ನಾಯಕರಾಗಿದ್ದ ಪ್ಯಾಟ್ ಕ್ವಿನ್‌ಲನ್ ಅವರು ಮುಂದಾಲೋಚನೆಯಿಂದ ಕಂದಕಗಳನ್ನು ತೋಡಿಸಿದ್ದರು. ಎದುರಾಳಿಗಳು ಹಲವು ಪಟ್ಟು ಹೆಚ್ಚು ಸಂಖ್ಯೆಯಲ್ಲಿದ್ದರು. ಅವರ ಕಡೆ ಫ್ರೆಂಚ್ ದೇಶದಲ್ಲಿ ತಯಾರಾದ ಫೂಗಾ ಎಂಬ ಒಂದು ಜೆಟ್ ವಿಮಾನವಿತ್ತು. ವಿಶ್ವಸಂಸ್ಥೆಯ ಬಳಿ ಕಾಂಗೋದಲ್ಲಿ ಒಂದು ಯುದ್ಧವಿಮಾನವೂ ಇರಲಿಲ್ಲ. ಆ ಒಂದೇ ವಿಮಾನ ಇಡೀ ಆಕಾಶವನ್ನು ಆಳಿತು. ಸಹಾಯಕ್ಕೆ ಹೊರಟ ದಳಗಳು ಎರಡು ಸಾರಿಯೂ ಲುಫಿರಾ ನದಿಯ ಸೇತುವೆಯನ್ನು ದಾಟಲಾರದೆ ಹಿಂದಿರುಗಿದವು. ಕಾರ್ಖಾನೆಗಳಿಗೆ ಬೆಳಕು ಕೊಟ್ಟ ಅದೇ ನದಿ ಈಗ ಊರಿಗೆ ಅಗಳಾಗಿ ನಿಂತಿತು. ಹೆಲಿಕಾಪ್ಟರೊಂದು ನೀರನ್ನು ಹೊತ್ತು ತಂದಿತು. ಡಬ್ಬಗಳು ಶುದ್ಧವಾಗಿರದೆ ಆ ನೀರೂ ಕುಡಿಯುವಂತಿರಲಿಲ್ಲ. ಗುಂಡುಗಳೂ ಅನ್ನನೀರೂ ಮುಗಿದ ಮೇಲೆ ಸೆಪ್ಟೆಂಬರ್ 17ರಂದು ಐರಿಶರು ಶರಣಾದರು. ಅವರಲ್ಲಿ ಐವರಿಗೆ ಗಾಯಗಳಾಗಿದ್ದವು, ಒಬ್ಬನೂ ಸತ್ತಿರಲಿಲ್ಲ.

ಅದೇ ರಾತ್ರಿ ಮತ್ತೊಂದು ದುರಂತ ನಡೆಯಿತು. ಶೋಂಬೆ ಅವರೊಡನೆ ಸಂಧಾನಕ್ಕೆಂದು ಹೊರಟಿದ್ದ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಡಾಗ್ ಹಾಮರ್‌ಶೋಲ್ಡ್ ಅವರ ವಿಮಾನವು ಈಗಿನ ಜಾಂಬಿಯಾ ದೇಶದ ಎಂಡೋಲಾ ನಗರದ ಬಳಿ ಕಾಡಿನಲ್ಲಿ ಬಿದ್ದು ಅವರು ಮೃತರಾದರು.

ಸೆರೆಯಲ್ಲಿದ್ದ ಐರಿಶ್ ಸೈನಿಕರು ಅಕ್ಟೋಬರಿನಲ್ಲಿ ಬಿಡುಗಡೆ ಹೊಂದಿ, ಅನಂತರ ತಾಯ್ನಾಡಿಗೆ ಹಿಂದಿರುಗಿದರು. ಆದರೆ ಶರಣಾದವರೆಂಬ ಕಳಂಕ ಅವರನ್ನು ಬಹುಕಾಲ ಬಿಡಲಿಲ್ಲ. ಅವರ ಶೌರ್ಯಕ್ಕೆ ಐರ್ಲೆಂಡ್ ಸರ್ಕಾರ ಪದಕ ಕೊಟ್ಟು ಗೌರವಿಸಿದುದು 2017ರಲ್ಲಿ. ಕ್ವಿನ್‌ಲನ್ ಅವರು ಅದಕ್ಕೆ 20 ವರ್ಷಗಳ ಹಿಂದೆಯೇ ತೀರಿಕೊಂಡಿದ್ದರು.

ಲುಫಿರಾ ದಾಟಿದ ಭಾರತೀಯರು

ಭಾರತವು 1961ರಲ್ಲಿ ಒಂದು ಬ್ರಿಗೇಡ್ ಸೈನ್ಯವನ್ನು ಕಾಂಗೋಗೆ ಕಳುಹಿಸಿತ್ತು. ಸೆಪ್ಟೆಂಬರಿನ ಪಾಠದ ಬಳಿಕ ಭಾರತೀಯ ವಾಯುಪಡೆಯ ಕ್ಯಾನ್‌ಬೆರಾ ಬಾಂಬರುಗಳೂ ಹೋದವು. ಆಕಾಶವು ಇನ್ನು ಒಂದೇ ಫೂಗಾ ವಿಮಾನದ ಸ್ವತ್ತಾಗಿ ಉಳಿಯಲಿಲ್ಲ. 1961ರ ಡಿಸೆಂಬರ್ 5ರಂದು ಎಲಿಸಬೆತ್‌ವಿಲ್ಲಿನಲ್ಲಿ ರಸ್ತೆಯ ತಡೆಯೊಂದನ್ನು ತೆರವುಮಾಡುವ ಕದನದಲ್ಲಿ ಗೂರ್ಖಾ ರೈಫಲ್ಸಿನ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಅವರು ವೀರಮರಣವನ್ನಪ್ಪಿದರು. ಅವರಿಗೆ ಮರಣೋತ್ತರವಾಗಿ ಪರಮವೀರಚಕ್ರ ಸಂದಿತು.

ಮಾತುಕತೆಗಳಲ್ಲಿ ಮತ್ತೊಂದು ವರ್ಷ ಕಳೆಯಿತು. 1962ರ ಡಿಸೆಂಬರಿನ ಕೊನೆಯಲ್ಲಿ ವಿಶ್ವಸಂಸ್ಥೆ ಮತ್ತೆ ಕಾರ್ಯಾಚರಣೆಗಿಳಿಯಿತು. ಕಟಾಂಗಾದಲ್ಲಿದ್ದ ಅದರ ಸೈನ್ಯದ ಮುಖ್ಯಸ್ಥರು ಭಾರತದ ಮೇಜರ್ ಜನರಲ್ ಪ್ರೇಮ್‌ಚಂದ್. ಬ್ರಿಗೇಡಿಯರ್ ರೆಜಿನಾಲ್ಡ್ ನೊರೋನಾ ಅವರ ಕೈಕೆಳಗಿನ ಭಾರತೀಯ ಸೈನ್ಯ ಜಾದೋವಿಲ್ ರಸ್ತೆಯಲ್ಲಿ ಮುಂದುವರಿದು ಲುಫಿರಾ ನದಿಯ ದಡವನ್ನು ಸೇರಿತು. ಹಿಮ್ಮೆಟ್ಟುತ್ತಿದ್ದ ಪಡೆಗಳು ಸೇತುವೆಗಳನ್ನು ಕೆಡಿಸಿದ್ದವು. ಆದರೂ ನೊರೋನಾ ಅವರ ಸೈನಿಕರು ನದಿಯನ್ನು ದಾಟಿದರು. 1963ರ ಜನವರಿ 3ರಂದು ಜಾದೋವಿಲ್ಲನ್ನು ಪ್ರವೇಶಿಸಿದರು. ಈ ಮುನ್ನಡೆ ಎಷ್ಟು ಬೇಗ ನಡೆಯಿತೆಂದರೆ ನ್ಯೂಯಾರ್ಕಿನ ಮೇಲಧಿಕಾರಿಗಳೇ ಬೆರಗಾದರು. ವಿಷಯವೇನೆಂದು ವಿಚಾರಿಸುವುದಕ್ಕೆ ರಾಲ್ಫ್ ಬಂಚ್ ಅವರನ್ನು ಅಲ್ಲಿಂದ ಕಳುಹಿಸಿದರು.

ಎಲ್ಲರಿಗೂ ಇದ್ದ ಭಯ ಒಂದೇ. ಸೋಲುವ ಹೊತ್ತು ಬಂದರೆ ಗಣಿ, ಕಾರ್ಖಾನೆ, ಅಣೆಕಟ್ಟುಗಳನ್ನೆಲ್ಲ ಸಿಡಿಸಿಬಿಡುವುದಾಗಿ ಶೋಂಬೆ ಅವರು ಬೆದರಿಕೆ ಹಾಕಿದ್ದರು. ಹಾಗೆ ನಡೆದಿದ್ದರೆ ಗೆದ್ದವರಿಗೆ ಸಿಕ್ಕುತ್ತಿದ್ದುದು ಕತ್ತಲೆಯ ಊರುಗಳು. ಅಲ್ಲಿ ದುಡಿಯುತ್ತಿದ್ದ ಸಾವಿರಾರು ಸಂಸಾರಗಳಿಗೆ ಉಳಿಯುತ್ತಿದ್ದುದು ಬರಿಯ ಗುಂಡಿಗಳು. ಅದೃಷ್ಟವಶಾತ್ ದೊಡ್ಡ ಅಣೆಕಟ್ಟುಗಳು ಉಳಿದುಕೊಂಡವು. ಜನವರಿ ತಿಂಗಳ ಮಧ್ಯದಲ್ಲಿ ಶೋಂಬೆ ಅವರು ಪ್ರತ್ಯೇಕ ರಾಜ್ಯದ ಆಸೆಯನ್ನು ಬಿಟ್ಟರು. 21ರಂದು ಭಾರತೀಯ ಸೈನ್ಯ ಕೊನೆಯ ನೆಲೆಯಾದ ಕೊಲ್ವೇಜಿಯನ್ನು ಸೇರಿತು.

ಮುಂದಿನ ದಿನಗಳು

1966ರಲ್ಲಿ ಜಾದೋವಿಲ್ ಎಂಬ ಹೆಸರು ಹೋಗಿ ಲಿಕಾಸಿ ಎಂಬ ಹೆಸರು ಬಂದಿತು. 1967ರ ಆರಂಭದೊಡನೆ ಕಂಪನಿಯ ಆಸ್ತಿಯೂ ರಾಷ್ಟ್ರದ ಸ್ವತ್ತಾಯಿತು. ಆ ರಾಷ್ಟ್ರೀಯ ಸಂಸ್ಥೆ ಮುಂದೆ ಜೆಕಾಮಿನ್ ಎಂದು ಹೆಸರಾಯಿತು. ಹೆಸರುಗಳು ಬದಲಾದರೂ ಊರಿನ ಕಷ್ಟಗಳು ಮುಗಿಯಲಿಲ್ಲ. ಸೋತ ಕಟಾಂಗಾ ಸೈನಿಕರಲ್ಲಿ ಅನೇಕರು ಅಂಗೋಲಾಕ್ಕೆ ಹೋಗಿ ನೆಲಸಿದ್ದರು. 1977ರಲ್ಲಿಯೂ 1978ರಲ್ಲಿಯೂ ಅವರು ಗಡಿ ದಾಟಿ ಮರಳಿ ಬಂದು ಗಣಿನಾಡಿನಲ್ಲಿ ಯುದ್ಧ ಹೂಡಿದರು. 1980ರ ದಶಕದ ಮಧ್ಯದಲ್ಲಿ ವರ್ಷಕ್ಕೆ ಸುಮಾರು 4,70,000 ಟನ್ ತಾಮ್ರವನ್ನು ಕೊಡುತ್ತಿದ್ದ ಜೆಕಾಮಿನ್, ಸರ್ಕಾರವು ಲಾಭವನ್ನೆಲ್ಲ ಹೀರಿಕೊಂಡು ಯಂತ್ರಗಳ ದುರಸ್ತಿಗೆ ಹಣ ಕೊಡದೆ ಹೋದುದರಿಂದ, 1990ರ ದಶಕದ ಮಧ್ಯದಲ್ಲಿ 50,000 ಟನ್ನಿಗಿಂತ ಕೆಳಕ್ಕೆ ಇಳಿಯಿತು. ಕೆಲಸ ಕಡಮೆಯಾದಾಗ ನೆರೆಹೊರೆಯವರ ಮೇಲೆ ದ್ವೇಷ ತಿರುಗಿತು. 1992-93ರಲ್ಲಿ, ಹಿಂದೆ ಗಣಿಗಳಿಗಾಗಿ ಕಸಾಯಿ ಪ್ರಾಂತದಿಂದ ಬಂದು ನೆಲಸಿದ್ದವರ ಸಂತತಿಯನ್ನು ಲಿಕಾಸಿಯಿಂದ ಹೊಡೆದೋಡಿಸಿದರು. ಹೊರಡಲು ಗಾಡಿಯಿಲ್ಲದೆ ಸಾವಿರಾರು ಮಂದಿ ರೈಲುನಿಲ್ದಾಣದ ಸುತ್ತ ತಿಂಗಳುಗಟ್ಟಲೆ ಬಿದ್ದಿದ್ದರು.

ಮುಚ್ಚಿದ ಶಿಂಕೊಲೊಬ್ವೆಯೂ ಸುಮ್ಮನಿರಲಿಲ್ಲ. ಕೋಬಾಲ್ಟ್ ಅದಿರನ್ನು ಹುಡುಕಿಕೊಂಡು ಬಡವರು ಕೈಯಿಂದಲೇ ಅಲ್ಲಿ ಅಗೆಯತೊಡಗಿದರು. 2004ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಹಳೆಯ ಗಣಿಯ ಒಂದು ಭಾಗ ಕುಸಿದು ಅಗೆಯುತ್ತಿದ್ದವರಲ್ಲಿ ಕೆಲವರು ಸತ್ತರು.

ಈಗ ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ಶೇಕಡ 70ಕ್ಕಿಂತ ಹೆಚ್ಚು ಕಾಂಗೋದಿಂದ ಬರುತ್ತದೆ. ಜೇಬಿನ ದೂರವಾಣಿಯಲ್ಲಿಯೂ ವಿದ್ಯುತ್ ವಾಹನದಲ್ಲಿಯೂ ಇರುವ ಎಷ್ಟೋ ಬ್ಯಾಟರಿಗಳಿಗೆ ಆ ಲೋಹ ಬೇಕು. ಕಟಾಂಗಾದ ಕಲ್ಲು ಈ ರೀತಿಯಾಗಿ ನಮ್ಮ ಮನೆಗಳೊಳಕ್ಕೂ ಬಂದಿದೆ.

ಅದಿರಿನಿಂದ ತಾಮ್ರವನ್ನು ಹೇಗೆ ತೆಗೆಯಬೇಕು, ಪರಮಾಣುವಿನಿಂದ ಶಕ್ತಿಯನ್ನು ಹೇಗೆ ಪಡೆಯಬೇಕು ಎಂಬುದನ್ನು ವಿಜ್ಞಾನ ಕಲಿಸುತ್ತದೆ. ಅದನ್ನು ಯಾರಿಗಾಗಿ ತೆಗೆಯಬೇಕು, ಲಾಭ ಯಾರಿಗೆ ಸೇರಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಪ್ರಯೋಗಶಾಲೆಯಲ್ಲಿ ದೊರೆಯುವುದಿಲ್ಲ. ಲಿಕಾಸಿಯ ರೈಲುಮಾರ್ಗಗಳನ್ನೂ ವಿದ್ಯುತ್ತಿನ ತಂತಿಗಳನ್ನೂ ಎಳೆದವರು ಊರಿನ ಜನಕ್ಕಾಗಿ ಎಳೆಯಲಿಲ್ಲ. ಸಂಪತ್ತನ್ನು ಹೊರಗೆ ಸಾಗಿಸುವುದಕ್ಕಾಗಿ ಎಳೆದರು. ಸಂಪತ್ತು ಹೋದ ದಾರಿಯಲ್ಲಿಯೇ ಸೈನ್ಯಗಳು ಬಂದವು. ಎರಡನ್ನೂ ನೋಡುತ್ತ ದಾರಿಯ ಬದಿಯಲ್ಲಿ ನಿಂತವರು ಆ ನೆಲದ ಮಕ್ಕಳು. ಮುಂದೊಂದು ದಿನ ನಮ್ಮಲ್ಲಿ ಯಾರಾದರೂ ಗಣಿಯ ಎಂಜಿನಿಯರರಾಗಿಯೋ ರಸಾಯನವಿಜ್ಞಾನಿಗಳಾಗಿಯೋ ಕೆಲಸಕ್ಕೆ ನಿಂತರೆ, ಕಲ್ಲನ್ನು ಪರೀಕ್ಷಿಸುವುದರ ಜೊತೆಗೆ ಅದರ ಮೇಲೆ ಮನೆ ಕಟ್ಟಿಕೊಂಡಿರುವವರನ್ನೂ ಒಮ್ಮೆ ವಿಚಾರಿಸುವುದು ಒಳ್ಳೆಯದು.